ಚಾಗೋಸ್ ದ್ವೀಪಗಳ ಸುದ್ದಿ ಓದುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನ ಸರಸ್ವತೀಪುರಂನಲ್ಲಿ ಪ್ರತಿ ಭಾನುವಾರ ಬೆಳಗ್ಗೆ ಹದಿನೈದಿಪ್ಪತ್ತು ಜನ ಸೇರಿ ಪತ್ರಿಕೆ ಓದುತ್ತೇವೆ. ಕೆಎಎಸ್, ಐಎಎಸ್ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರೇ ಜಾಸ್ತಿ. ಮಂಡ್ಯ, ಶ್ರೀರಂಗಪಟ್ಟಣದಿಂದ ಬಸ್ಸು ಹಿಡಿದು ಬರುವ ಹಿರಿಯರೂ ಇದ್ದಾರೆ. ನಾನು ಬಹಳ ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು, ಏಜೆನ್ಸಿಯಿಂದ ಬಂದ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ತಂದವನು. ಚಾಗೋಸ್ ದ್ವೀಪಗಳನ್ನು ಬ್ರಿಟನ್ ಮಾರಿಷಸ್‌ಗೆ ಕೊಡುವ ಮಾತುಕತೆಯ ಸುದ್ದಿ ಬಂದಾಗಿನಿಂದ ಇವರೆಲ್ಲ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಈ ಚಾಗೋಸ್ ಎಲ್ಲಿದೆ? ಜಗಳ ಏನು?

ಹಿಂದೂ ಮಹಾಸಾಗರದ ನಡುಮಧ್ಯೆ ಇದೆ. ಮಾಲ್ಡೀವ್ಸ್‌ನಿಂದ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್. ಅರವತ್ತರ ಹತ್ತಿರ ಪುಟ್ಟ ದ್ವೀಪಗಳು. ಎಲ್ಲಕ್ಕಿಂತ ದೊಡ್ಡದು ಡಿಯಾಗೋ ಗಾರ್ಸಿಯಾ. ಅಲ್ಲಿ ಅಮೆರಿಕ ಮತ್ತು ಬ್ರಿಟನ್‌ನ ಸೇನಾ ನೆಲೆ ಇದೆ.

1814ರ ಪ್ಯಾರಿಸ್ ಒಪ್ಪಂದದಲ್ಲಿ ಫ್ರಾನ್ಸ್ ಮಾರಿಷಸ್ ಜೊತೆಗೆ ಈ ದ್ವೀಪಗಳನ್ನೂ ಬ್ರಿಟನ್‌ಗೆ ಕೊಟ್ಟಿತು. ಮಾರಿಷಸ್‌ಗೆ ಸ್ವಾತಂತ್ರ್ಯ ಬಂದಿದ್ದು 1968ರ ಮಾರ್ಚ್ 12ಕ್ಕೆ. ಆದರೆ 1965ರ ನವೆಂಬರ್‌ನಲ್ಲೇ ಬ್ರಿಟನ್ ಚಾಗೋಸನ್ನು ಮಾರಿಷಸ್‌ನಿಂದ ಬೇರೆ ಮಾಡಿ ತನ್ನ ಕೈಯಲ್ಲಿ ಇಟ್ಟುಕೊಂಡಿತು. ಮಾರಿಷಸ್‌ಗೆ ಕೊಟ್ಟಿದ್ದು 30 ಲಕ್ಷ ಪೌಂಡ್. ಅಣ್ಣತಮ್ಮಂದಿರ ಪಾಲು ಆಗುವ ಮುಂಚೆ ಯಾರೋ ಒಂದು ಗದ್ದೆಯನ್ನು ಪಕ್ಕಕ್ಕೆ ಬರೆಸಿಕೊಂಡ ಹಾಗೆ ಇದು. ಮಾರಿಷಸ್ ವಾದ ಇಷ್ಟೇ: ಸ್ವಾತಂತ್ರ್ಯ ಬೇಕಾದರೆ ದ್ವೀಪ ಬಿಡಿ ಅನ್ನುವ ಒತ್ತಡದಲ್ಲಿ ಮಾಡಿಸಿಕೊಂಡ ಕರಾರು ಕರಾರೇ ಅಲ್ಲ.

ಒಂದೇ ಸುದ್ದಿ ಒಂದೊಂದು ಪತ್ರಿಕೆಯಲ್ಲಿ ಒಂದೊಂದು ಥರ ಇರುತ್ತಲ್ಲ, ಯಾಕೆ?

ಕ್ರಿಯಾಪದ ನೋಡಿ. ಇಂಥ ಸುದ್ದಿಯಲ್ಲಿ ಪಕ್ಷಪಾತ ಮೊದಲು ಕಾಣಿಸಿಕೊಳ್ಳುವುದು ಅಲ್ಲಿಯೇ.

‘ಬ್ರಿಟನ್ ದ್ವೀಪ ಬಿಟ್ಟುಕೊಟ್ಟಿತು’ ಅಂದರೆ ದ್ವೀಪ ಬ್ರಿಟನ್‌ದಾಗಿತ್ತು, ಈಗ ಕಳೆದುಕೊಂಡಿತು ಎಂದು ಓದುಗ ಅಂದುಕೊಳ್ಳುತ್ತಾನೆ. ‘ಬ್ರಿಟನ್ ದ್ವೀಪ ಹಿಂದಿರುಗಿಸಿತು’ ಅಂದರೆ ಅದು ಮೊದಲಿನಿಂದಲೂ ಮಾರಿಷಸ್‌ದು ಅಂತ ಆಯಿತು. ‘ಮಾರಿಷಸ್ ದ್ವೀಪ ಪಡೆದುಕೊಂಡಿತು’ ಅಂದರೆ ಹೋರಾಡಿ ಗೆದ್ದ ಭಾವ. ‘ಹಸ್ತಾಂತರ’ ಅನ್ನುವ ಪದದಲ್ಲಿ ಮಾತ್ರ ಯಾರ ಕಡೆಗೂ ವಾಲಿಕೆ ಕಡಿಮೆ. ಅದಕ್ಕೇ ಅನುಮಾನ ಬಂದಾಗ ನಾನು ಡೆಸ್ಕಿನಲ್ಲಿ ಹಸ್ತಾಂತರ ಅಂತಲೇ ಬರೆಯುತ್ತಿದ್ದೆ.

ಬ್ರಿಟನ್‌ನ ಬಲಪಂಥೀಯ ಪತ್ರಿಕೆಗಳು ಮತ್ತು ಅಲ್ಲಿನ ಕನ್ಸರ್ವೇಟಿವ್ ಪಕ್ಷದವರು ಇದನ್ನು ‘ಶರಣಾಗತಿ’ ಎಂದು ಕರೆದರು. ಆದರೆ ಮಾತುಕತೆ ಶುರುವಾಗಿದ್ದು 2022ರ ನವೆಂಬರ್‌ನಲ್ಲಿ, ಕನ್ಸರ್ವೇಟಿವ್ ಸರ್ಕಾರವೇ ಇದ್ದಾಗ. ಅದನ್ನು ಸಂಸತ್ತಿಗೆ ತಿಳಿಸಿದವರು ಆಗಿನ ವಿದೇಶಾಂಗ ಸಚಿವ ಜೇಮ್ಸ್ ಕ್ಲೆವರ್ಲಿ. ಈ ಸಂಗತಿ ಶರಣಾಗತಿ ಅನ್ನುವ ಸುದ್ದಿಗಳಲ್ಲಿ ಒಂದೋ ಇರುವುದಿಲ್ಲ, ಇಲ್ಲವೇ ಕೊನೆಯ ಪ್ಯಾರಾದಲ್ಲಿ ಇರುತ್ತದೆ. ಕೊನೆಯ ಪ್ಯಾರಾ ಏನಾಗುತ್ತದೆ ಗೊತ್ತಲ್ಲ? ಪುಟದಲ್ಲಿ ಜಾಗ ಸಾಲದಿದ್ದರೆ ಮೊದಲು ಕತ್ತರಿ ಬೀಳುವುದು ಅದಕ್ಕೇ. ಲಂಡನ್ನಿನ ಪತ್ರಿಕೆ ಎಂಟು ನೂರು ಪದದಲ್ಲಿ ಬರೆದಿದ್ದು ನಮ್ಮ ವಿದೇಶ ಪುಟಕ್ಕೆ ನೂರು ಪದವಾಗಿ ಇಳಿಯುತ್ತದೆ. ಉಳಿಯುವುದು ಶೀರ್ಷಿಕೆ ಮತ್ತು ಮೊದಲ ಎರಡು ವಾಕ್ಯ. ಅಲ್ಲಿನವರ ಕ್ರಿಯಾಪದ ಇಲ್ಲಿಗೆ ಹಾಗೇ ಬಂದು ಕೂರುತ್ತದೆ. ಮೈಸೂರಿನ ಓದುಗನಿಗೆ ಬ್ರಿಟನ್ನಿನ ಪಕ್ಷ ರಾಜಕೀಯದ ಸಿಟ್ಟು ಯಾಕೆ ಬೇಕು ಹೇಳಿ.

ದುಡ್ಡಿನ ಲೆಕ್ಕ ಒಂದೊಂದು ಕಡೆ ಒಂದೊಂದು. ಯಾವುದು ಸರಿ?

ಇದು ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ. ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲನೆಯದು ಸೊನ್ನೆಗಳ ವಿಷಯ. ಮಿಲಿಯನ್ ಅಂದರೆ 10 ಲಕ್ಷ. ಬಿಲಿಯನ್ ಅಂದರೆ 100 ಕೋಟಿ. ರಾತ್ರಿ ಪಾಳಿಯಲ್ಲಿ, ಪುಟ ಬಿಡುವ ಅವಸರದಲ್ಲಿ, ನನ್ನ ಕೈಯಿಂದಲೇ ಒಮ್ಮೆ 40 ಮಿಲಿಯನ್ ಅನ್ನುವುದು 40 ಕೋಟಿ ಎಂದು ಅಚ್ಚಾಗಿತ್ತು. ಅದು 4 ಕೋಟಿ. ಮರುದಿನ ಬೆಳಗ್ಗೆ ಮಂಡ್ಯದ ಒಬ್ಬ ಓದುಗರು ಫೋನ್ ಮಾಡಿ ತಿಳಿಸಿದರು. ಅವತ್ತಿನಿಂದ ಪ್ರತಿ ಅಂಕಿಯನ್ನೂ ಕಾಗದದ ಮೇಲೆ ಸೊನ್ನೆ ಬರೆದು ಎಣಿಸುವ ಅಭ್ಯಾಸ ಮಾಡಿಕೊಂಡೆ.

ಈಗ ಚಾಗೋಸ್. 2025ರ ಮೇನಲ್ಲಿ ಸಹಿಯಾದ ಒಪ್ಪಂದದ ಪ್ರಕಾರ ಡಿಯಾಗೋ ಗಾರ್ಸಿಯಾದ ನೆಲೆಗಾಗಿ ಬ್ರಿಟನ್ 99 ವರ್ಷ ಮಾರಿಷಸ್‌ಗೆ ಹಣ ಕಟ್ಟಬೇಕು. ಸರಾಸರಿ ವರ್ಷಕ್ಕೆ 10.1 ಕೋಟಿ ಪೌಂಡ್, ಇವತ್ತಿನ ಬೆಲೆಯಲ್ಲಿ. ಮೊದಲ ಮೂರು ವರ್ಷ ಮಾತ್ರ 16.5 ಕೋಟಿ. ಒಟ್ಟು ಎಷ್ಟು ಅಂದಾಗ ಗೊಂದಲ ಶುರು. ಬ್ರಿಟನ್ ಸರ್ಕಾರ 340 ಕೋಟಿ ಪೌಂಡ್ ಅನ್ನುತ್ತದೆ. 10.1 ಕೋಟಿಯನ್ನು 99ರಿಂದ ಗುಣಿಸಿದರೆ ಸುಮಾರು 1,000 ಕೋಟಿ. ವಿರೋಧ ಪಕ್ಷದವರು 3,000 ಕೋಟಿಗೂ ಜಾಸ್ತಿ ಅನ್ನುತ್ತಾರೆ.

ಮೂರೂ ಒಂದೇ ಒಪ್ಪಂದದ ಲೆಕ್ಕ. ಮುಂದಿನ 99 ವರ್ಷ ಬೆಲೆ ಏರುತ್ತಾ ಹೋಗುವುದನ್ನೂ ಸೇರಿಸಿ, ಆಯಾ ವರ್ಷ ಕೈಯಿಂದ ಹೋಗುವ ನೋಟುಗಳನ್ನು ಕೂಡಿದರೆ ದೊಡ್ಡ ಅಂಕಿ ಬರುತ್ತದೆ. ದೂರದ ವರ್ಷಗಳಲ್ಲಿ ಕಟ್ಟುವ ಹಣಕ್ಕೆ ಇವತ್ತು ಎಷ್ಟು ಬೆಲೆ ಎಂದು ಇಳಿಸಿ ಕೂಡಿದರೆ ಸಣ್ಣ ಅಂಕಿ. ಚೀಟಿ ಹಾಕಿದವರಿಗೆ ಇದು ಚೆನ್ನಾಗಿ ಗೊತ್ತು. ಒಂದು ಲಕ್ಷದ ಚೀಟಿಯನ್ನು ಎರಡನೇ ತಿಂಗಳಲ್ಲೇ ಕೂಗಿ ಎತ್ತುವವರು ಎಂಬತ್ತು ಸಾವಿರಕ್ಕೆ ಯಾಕೆ ಒಪ್ಪುತ್ತಾರೆ? ಇವತ್ತಿನ ದುಡ್ಡಿಗೆ ಬೆಲೆ ಜಾಸ್ತಿ. ಅಷ್ಟೇ ಲೆಕ್ಕ. ಪತ್ರಿಕೆಯೊಂದು ಒಂದೇ ಅಂಕಿ ಕೊಟ್ಟು, ಅದು ಯಾವ ಬಗೆಯ ಲೆಕ್ಕ ಅಂತ ಹೇಳದೆ ಬಿಟ್ಟರೆ ಓದುಗನಿಗೆ ಅರ್ಧ ಸುದ್ದಿ ಮಾತ್ರ ಕೊಟ್ಟ ಹಾಗೆ.

99 ವರ್ಷ ಲೀಸ್ ಅಂದ್ರೆ, ಅವಧಿ ಮುಗಿದ ಮೇಲೆ ಮಾರಿಷಸ್ ಆ ದುಡ್ಡು ವಾಪಸ್ ಕೊಡಬೇಕಾ?

ಕುವೆಂಪುನಗರದಲ್ಲಿ ಮನೆ ಮಾಡಿರುವ ಒಬ್ಬ ಹುಡುಗಿ ಕೇಳಿದ ಪ್ರಶ್ನೆ. ಕೇಳಿದ್ದು ಸರಿಯಾಗಿಯೇ ಇದೆ. ನಮ್ಮ ಊರಲ್ಲಿ ‘ಮನೆ ಲೀಸ್‌ಗಿದೆ’ ಎಂದು ಬೋರ್ಡ್ ಹಾಕಿದರೆ ಏನರ್ಥ? ಐದೋ ಹತ್ತೋ ಲಕ್ಷ ಒಟ್ಟಿಗೆ ಕೊಟ್ಟು ಇರುವುದು, ಬಿಡುವಾಗ ಅಷ್ಟೂ ವಾಪಸ್. ಅದಕ್ಕೆ ಕನ್ನಡದಲ್ಲಿ ಭೋಗ್ಯ ಅಂತ ಬೇರೆ ಹೆಸರೇ ಇದೆ. ಚಾಗೋಸ್ ಒಪ್ಪಂದದಲ್ಲಿ ಹಾಗಿಲ್ಲ. ವರ್ಷ ವರ್ಷ ಕಟ್ಟುವ ಹಣ, ವಾಪಸ್ ಇಲ್ಲ. ಹಾಗಾಗಿ ‘ಗುತ್ತಿಗೆ’ ಅನ್ನುವುದು ಸರಿಯಾದ ಪದ. ಮಂಡ್ಯದಲ್ಲಿ ಗದ್ದೆ ಗುತ್ತಿಗೆಗೆ ಮಾಡುವವರಿಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಒಡೆತನ ಒಬ್ಬರದು, ಉಳುವುದು ಇನ್ನೊಬ್ಬರು.

ಅಂತರರಾಷ್ಟ್ರೀಯ ನ್ಯಾಯಾಲಯದ ತೀರ್ಪನ್ನು ಬ್ರಿಟನ್ ಧಿಕ್ಕರಿಸಿತ್ತು ಅಂತ ಓದಿದೆ. ನಿಜವಾ?

ತೀರ್ಪು ಅನ್ನುವ ಪದ ಇಲ್ಲಿ ತಪ್ಪು. 2019ರ ಫೆಬ್ರುವರಿ 25ರಂದು ಹೇಗ್‌ನ ನ್ಯಾಯಾಲಯ ಕೊಟ್ಟಿದ್ದು ಸಲಹಾ ಅಭಿಪ್ರಾಯ. 13 ನ್ಯಾಯಾಧೀಶರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಚಾಗೋಸನ್ನು ಬೇರೆ ಮಾಡಿದ್ದು ಕಾನೂನಿಗೆ ಸರಿಯಾಗಿಲ್ಲ, ಬ್ರಿಟನ್ ತನ್ನ ಆಡಳಿತವನ್ನು ಆದಷ್ಟು ಬೇಗ ಮುಗಿಸಬೇಕು ಎಂದು ಅದು ಹೇಳಿತು. ಇದನ್ನು ಪಾಲಿಸಲೇಬೇಕು ಅನ್ನುವ ಕಟ್ಟಳೆ ಇಲ್ಲ. ಆದರೆ ತೂಕ ಬಹಳ. ಅದೇ ವರ್ಷ ಮೇ 22ರಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 116 ದೇಶಗಳು ಮಾರಿಷಸ್ ಪರ ಮತ ಹಾಕಿದವು. ಬ್ರಿಟನ್ ಕಡೆಗೆ ಬಿದ್ದಿದ್ದು 6. ಪರೀಕ್ಷೆಗೆ ಓದುವವರು ‘ತೀರ್ಪು’ ಮತ್ತು ‘ಸಲಹಾ ಅಭಿಪ್ರಾಯ’ದ ವ್ಯತ್ಯಾಸವನ್ನು ಕೆಂಪು ಪೆನ್ನಿನಲ್ಲಿ ಬರೆದಿಟ್ಟುಕೊಳ್ಳಿ.

‘ಒಪ್ಪಂದ ಆಯಿತು’ ಅಂತ ಎರಡೆರಡು ಸಲ ಬಂತಲ್ಲ?

ಹೌದು. 2024ರ ಅಕ್ಟೋಬರ್ 3ರಂದು ಬಂದಿದ್ದು ಎರಡು ದೇಶಗಳ ಪ್ರಧಾನಿಗಳ ಜಂಟಿ ಹೇಳಿಕೆ. ಕೊಡುವುದಾಗಿ ಮಾತಾಯಿತು, ಅಷ್ಟೇ. ಮದುವೆಗೆ ಮಾತು ಮುಗಿದಿತ್ತು, ಲಗ್ನಪತ್ರಿಕೆ ಬರೆಸಿರಲಿಲ್ಲ. ಮುಂದಿನ ತಿಂಗಳೇ ಮಾರಿಷಸ್‌ನಲ್ಲಿ ಚುನಾವಣೆ ನಡೆದು ಪ್ರಧಾನಿ ಪ್ರವಿಂದ್ ಜುಗನಾಥ್ ಸೋತರು. ಹೊಸ ಪ್ರಧಾನಿ ನವೀನ್ ರಾಮ್‌ಗೂಲಾಮ್ ಷರತ್ತುಗಳನ್ನು ಮತ್ತೆ ನೋಡಬೇಕು ಎಂದರು. 1965ರಲ್ಲಿ ಲಂಡನ್ನಿನ ಮಾತುಕತೆಯಲ್ಲಿ ಕೂತಿದ್ದವರು ಇವರ ತಂದೆ ಸೀವೂಸಾಗರ್ ರಾಮ್‌ಗೂಲಾಮ್. ಅರವತ್ತು ವರ್ಷದ ನಂತರ ಮಗನ ಮುಂದೆ ಅದೇ ಕಡತ. ಒಪ್ಪಂದಕ್ಕೆ ಸಹಿ ಬಿದ್ದಿದ್ದು 2025ರ ಮೇ 22ಕ್ಕೆ. ಸಹಿಯ ನಂತರವೂ ಸಂಸತ್ತಿನ ಕೆಲಸ, ಅನುಮೋದನೆ ಅಂತ ಹಂತಗಳಿವೆ.

ಜಂಟಿ ಹೇಳಿಕೆ, ಸಹಿ, ಅನುಮೋದನೆ, ಜಾರಿ. ಇವು ನಾಲ್ಕು ಬೇರೆ ಬೇರೆ ದಿನಗಳು. 2024ರ ಅಕ್ಟೋಬರ್‌ನಲ್ಲೇ ‘ದ್ವೀಪ ಹಸ್ತಾಂತರ’ ಎಂದು ಮುಗಿಸಿ ಬರೆದ ಶೀರ್ಷಿಕೆ ಅವಸರದ್ದು.

‘ಬಲ್ಲ ಮೂಲಗಳ ಪ್ರಕಾರ’ ಅಂತ ಬರೆದಿರೋದನ್ನ ನಂಬಬಹುದಾ?

ಈ ಮಾತುಕತೆ 13 ಸುತ್ತು ನಡೆಯಿತು. ಎಲ್ಲವೂ ಮುಚ್ಚಿದ ಬಾಗಿಲ ಹಿಂದೆ. ಒಳಗಿದ್ದವರು ಹೊರಗೆ ಬಂದು ಹೇಳಿದ್ದು ‘ಮಾತುಕತೆ ಫಲಪ್ರದವಾಗಿತ್ತು’ ಅನ್ನುವ ಥರದ ಮಾತು. ಆಮೇಲೆ ಸೋರಿಕೆ ಶುರುವಾಗುತ್ತದೆ. ಸೋರಿಕೆ ಮಾಡುವವರಿಗೆ ಒಂದು ಕೆಲಸ ಆಗಬೇಕಿರುತ್ತದೆ. ಬಾಡಿಗೆ ಕಡಿಮೆ ಆಯಿತು ಅನ್ನುವ ಸುದ್ದಿ ಯಾರಿಗೆ ಅನುಕೂಲ, ಜಾಸ್ತಿ ಆಯಿತು ಅನ್ನುವುದು ಯಾರಿಗೆ ಅನುಕೂಲ ಎಂದು ಕೇಳಿಕೊಂಡರೆ ಮೂಲ ಯಾವ ಕಡೆಯದು ಅಂತ ಅರ್ಧ ತಿಳಿಯುತ್ತದೆ. ಹೆಸರಿಲ್ಲದ ಮೂಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಎರಡನೇ ಕಡೆಯಿಂದಲೂ ಅದೇ ಮಾತು ಬರುವವರೆಗೆ ಪೆನ್ಸಿಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಹೆಸರಿಟ್ಟು ಆಡಿದ ಮಾತೂ ಬದಲಾಗುತ್ತದೆ. 2025ರಲ್ಲಿ ಅಮೆರಿಕ ಈ ಒಪ್ಪಂದವನ್ನು ಸ್ವಾಗತಿಸಿತ್ತು. 2026ರ ಜನವರಿಯಲ್ಲಿ ಟ್ರಂಪ್ ಇದು ದೊಡ್ಡ ಮೂರ್ಖತನ ಎಂದು ಬರೆದರು. ಅದಕ್ಕೇ ಕಟಿಂಗ್ ಮೇಲೆ ತಾರೀಕು ಬರೆಯದೆ ಫೈಲಿಗೆ ಸೇರಿಸಬೇಡಿ.

ಭಾರತ ಯಾವ ಕಡೆ?

ಮಾರಿಷಸ್ ಕಡೆ. 2019ರಲ್ಲಿ ಅದರ ಪರ ಮತ ಹಾಕಿತು. 2024 ಮತ್ತು 2025ರಲ್ಲಿ ಎರಡೂ ಸಲ ಸ್ವಾಗತಿಸಿತು.

ಚಾಗೋಸ್ ಅಂತಲೋ, ಶಾಗೋಸ್ ಅಂತಲೋ?

ಫ್ರೆಂಚ್ ರೂಢಿಯಲ್ಲಿ ಶಾಗೋಸ್. ನಮ್ಮ ಪತ್ರಿಕೆಗಳಲ್ಲಿ ಚಾಗೋಸ್ ಜಾಸ್ತಿ. ಯಾವುದಾದರೂ ಸರಿ, ಒಂದೇ ಬರಹದಲ್ಲಿ ಎರಡೂ ಬೇಡ.

ದ್ವೀಪ ಅಂದ್ರೆ ನಮ್ಮ ಪಟ್ಣನೂ ದ್ವೀಪವೇ ಅಲ್ವಾ ಸಾರ್? ಅದನ್ನೂ ಹಿಂಗೇ ವಾಪಸ್ ಕೊಟ್ಟಿದ್ರಂತೆ?

ಶ್ರೀರಂಗಪಟ್ಟಣದಿಂದ ಬರುವ ಒಬ್ಬ ಯಜಮಾನರು ಇದನ್ನು ಕೇಳಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ಪತ್ರಿಕೆ ಓದುವುದು ಅಂದರೆ ಹೀಗೆ.

ಹೌದು ಯಜಮಾನ್ರೆ. 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಮೈಸೂರು ರಾಜ್ಯವನ್ನು ಒಡೆಯರಿಗೆ ಕೊಟ್ಟರು. ಆದರೆ ಪಟ್ಟಣದ ದ್ವೀಪವನ್ನು ಇಂಗ್ಲಿಷರು ತಮ್ಮ ಒಡೆತನದಲ್ಲೇ ಇಟ್ಟುಕೊಂಡರು. ಮುಂದೆ ಮೈಸೂರು ಸರ್ಕಾರ ಆ ದ್ವೀಪಕ್ಕೆ ವರ್ಷಕ್ಕೆ 50,000 ರೂಪಾಯಿ ಬಾಡಿಗೆ ಕಟ್ಟುತ್ತಿತ್ತು. ಕಾವೇರಿ ನಡುವಿನ ನಮ್ಮದೇ ನೆಲಕ್ಕೆ ನಾವೇ ಬಾಡಿಗೆದಾರರು. 1831ರಲ್ಲಿ ಇಡೀ ರಾಜ್ಯದ ಆಡಳಿತವನ್ನೂ ಅವರು ತೆಗೆದುಕೊಂಡರು. ಐವತ್ತು ವರ್ಷ ಆದ ಮೇಲೆ, 1881ರ ಮಾರ್ಚ್ 25ರಂದು, ರಾಜ್ಯವನ್ನು ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಮಾಡಿದರು. ಪಟ್ಟಣದ ದ್ವೀಪವೂ ಆಗಲೇ ಬಂತು. ಅದಕ್ಕೆ ಬದಲಾಗಿ ಬೆಂಗಳೂರಿನ ದಂಡು ಪ್ರದೇಶವನ್ನು ಬ್ರಿಟಿಷರಿಗೆ ಬಿಡಬೇಕಾಯಿತು. ಆ ಪ್ರದೇಶ ಮೈಸೂರಿಗೆ ಮರಳಿದ್ದು 1947ರಲ್ಲಿ. ಅಷ್ಟೇ ಅಲ್ಲ, ವರ್ಷಕ್ಕೆ 24.5 ಲಕ್ಷ ರೂಪಾಯಿ ಇದ್ದ ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಷರತ್ತೂ ಇತ್ತು.

ನಾಡು ವಾಪಸ್, ಸೈನ್ಯದ ಜಾಗ ಮಾತ್ರ ಅವರದು. ಚಾಗೋಸ್ ಒಪ್ಪಂದವನ್ನು ಇದರ ಪಕ್ಕ ಇಟ್ಟು ಓದಿ. ಒಡೆತನ ಮಾರಿಷಸ್‌ಗೆ, ಡಿಯಾಗೋ ಗಾರ್ಸಿಯಾದ ನೆಲೆ 99 ವರ್ಷ ಬ್ರಿಟನ್ ಕೈಯಲ್ಲಿ. ನೆಲೆಯ ಸುತ್ತ 24 ನಾಟಿಕಲ್ ಮೈಲಿಯೊಳಗೆ ಬ್ರಿಟನ್ ಒಪ್ಪದೆ ಏನೂ ಕಟ್ಟುವ ಹಾಗಿಲ್ಲ. ದೊಡ್ಡ ವ್ಯತ್ಯಾಸ ದುಡ್ಡು ಹರಿಯುವ ದಿಕ್ಕಿನಲ್ಲಿದೆ. 1881ರಲ್ಲಿ ವಾಪಸ್ ಪಡೆದವರು ಹಣ ಕಟ್ಟಿದರು. ಈಗ ವಾಪಸ್ ಕೊಡುವವರು ಕಟ್ಟುತ್ತಾರೆ. ಇಂಥ ಸುದ್ದಿ ಬಂದಾಗ ‘ಆದರೆ’ ಅನ್ನುವ ಪದ ಎಲ್ಲಿದೆ ಅಂತ ಹುಡುಕಿ, ಅಲ್ಲಿಂದ ಓದಲು ಶುರು ಮಾಡಿ ಎಂದು ನಾನು ಹುಡುಗರಿಗೆ ಹೇಳುತ್ತೇನೆ. 

ಹಾಂಗ್‌ಕಾಂಗ್, ಪುದುಚೇರಿಗೆ ಹೋಲಿಸಬಹುದಾ?

ಹೋಲಿಸಿ, ಆದರೆ ಒಂದೇ ಅಳತೆ ಬೇಡ. ಹಾಂಗ್‌ಕಾಂಗ್ 1997ರ ಜುಲೈ 1ರಂದು ಚೀನಾಕ್ಕೆ ಹೋದಾಗ ಅಲ್ಲಿ ಲಕ್ಷಾಂತರ ಜನ ಬದುಕುತ್ತಿದ್ದರು. ಪುದುಚೇರಿಯ ವಿಷಯದಲ್ಲಿ 1954ರ ಅಕ್ಟೋಬರ್‌ನಲ್ಲಿ ಕೀಳೂರಿನಲ್ಲಿ ಚುನಾಯಿತ ಪ್ರತಿನಿಧಿಗಳು ಸೇರಿ 170 ಮತ ಭಾರತದ ಪರ ಹಾಕಿದರು, ವಿರುದ್ಧ 8. ಅಲ್ಲಿ ಊರವರ ಪ್ರತಿನಿಧಿಗಳನ್ನಾದರೂ ಕೇಳಿದರು. ಚಾಗೋಸ್‌ನಲ್ಲಿ ಕೇಳೋಣ ಎಂದರೆ ಊರಿನಲ್ಲಿ ಊರವರೇ ಇಲ್ಲ. ಮುಂದಿನ ಪ್ರಶ್ನೆ ಅದೇ.

ಅಲ್ಲಿ ಜನ ಇದ್ರಾ? ಸುದ್ದಿಯಲ್ಲಿ ಅವರ ಮಾತೇ ಇಲ್ವಲ್ಲ?

ಇದ್ದರು. ಸುಮಾರು 1,500ರಿಂದ 2,000 ಜನ. ಆಫ್ರಿಕಾ, ಮಡಗಾಸ್ಕರ್‌ನಿಂದ ಗುಲಾಮರಾಗಿ ತಂದವರ ಮಕ್ಕಳು, ಮೊಮ್ಮಕ್ಕಳು. ದಕ್ಷಿಣ ಭಾರತದಿಂದ ಕೂಲಿಗೆ ಹೋದವರ ರಕ್ತವೂ ಅವರಲ್ಲಿದೆ. ಕೆಲಸ ತೆಂಗಿನ ತೋಟದಲ್ಲಿ. ಕಾಯಿ ಸುಲಿಯುವುದು, ಒಡೆಯುವುದು, ಕೊಬ್ಬರಿ ಒಣಗಿಸುವುದು. ಮಂಡ್ಯದವರಿಗೆ ಈ ಕೆಲಸ ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಸೇನಾ ನೆಲೆಗೆ ಖಾಲಿ ದ್ವೀಪ ಬೇಕಿತ್ತು. 1966ರಲ್ಲಿ ಬ್ರಿಟನ್‌ನ ಹಿರಿಯ ಅಧಿಕಾರಿಯೊಬ್ಬರು ಕಡತದಲ್ಲಿ ಬರೆದರು: ಕಡಲಹಕ್ಕಿಗಳನ್ನು ಬಿಟ್ಟರೆ ಅಲ್ಲಿ ಮೂಲನಿವಾಸಿಗಳು ಇರುವುದಿಲ್ಲ. 1967ರಿಂದ 1973ರ ಒಳಗೆ ಎಲ್ಲರನ್ನೂ ಎಬ್ಬಿಸಿದರು. ಆಸ್ಪತ್ರೆಗೆಂದು ಮಾರಿಷಸ್‌ಗೆ ಹೋದವರಿಗೆ ಹಿಂದಿರುಗಲು ಹಡಗು ಇಲ್ಲ ಎಂದರು. 1971ರಲ್ಲಿ ಡಿಯಾಗೋ ಗಾರ್ಸಿಯಾದವರನ್ನು ಹಡಗಿಗೆ ಹತ್ತಿಸಿದರು. ಅವರು ಸಾಕಿದ್ದ ನಾಯಿಗಳನ್ನು ಕೊಬ್ಬರಿ ಒಣಗಿಸುವ ಮನೆಯೊಳಗೆ ಕೂಡಿ ಹೊಗೆ ಬಿಟ್ಟು ಕೊಂದರು. ಇದನ್ನು ನಾನು ಓದಿ ಹೇಳಿದಾಗ ಕೋಣೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಮಾರಿಷಸ್ ಮತ್ತು ಸೇಶೆಲ್ಸ್‌ನಲ್ಲಿ ಇಳಿಸಿದ ಮೇಲೆ ಅವರನ್ನು ಕೇಳುವವರಿರಲಿಲ್ಲ. ಕೋರ್ಟಿಗೆ ಹೋದರು. ಒಲಿವಿಯೆ ಬಾಂಕೂ ಎಂಬ ನಾಯಕ 2000ನೇ ಇಸವಿಯಲ್ಲಿ ಲಂಡನ್ ಹೈಕೋರ್ಟಿನಲ್ಲಿ ಗೆದ್ದರು. 2004ರಲ್ಲಿ ಸರ್ಕಾರ ಹೊಸ ಆದೇಶ ತಂದು ಮತ್ತೆ ಬಾಗಿಲು ಹಾಕಿತು. 2008ರಲ್ಲಿ ಅಲ್ಲಿನ ಅತ್ಯುನ್ನತ ಪೀಠ 3–2ರಲ್ಲಿ ಸರ್ಕಾರದ ಪರ ನಿಂತಿತು.

ಈಗಿನ ಸುದ್ದಿಗಳಲ್ಲಿ ಇವರು ಎಲ್ಲಿದ್ದಾರೆ ನೋಡಿ. ವಾಕ್ಯದ ಕರ್ತೃ ಬ್ರಿಟನ್, ಪಡೆಯುವವರು ಮಾರಿಷಸ್, ನಡುವೆ ಅಮೆರಿಕ, ಆಚೆ ಚೀನಾದ ಭಯ. ದ್ವೀಪದವರು ‘ಇದೇ ವೇಳೆ’ ಎಂದು ಶುರುವಾಗುವ ಕೊನೆಯ ಪ್ಯಾರಾದಲ್ಲಿ. ನಮ್ಮಲ್ಲೂ ಹೀಗೇ. ಕೆಆರ್‌ಎಸ್ ತುಂಬಿದರೆ 124.80 ಅಡಿ ಅನ್ನುವುದು ಮಕ್ಕಳಿಗೂ ಬಾಯಿಪಾಠ. ಪತ್ರಿಕೆಯಲ್ಲಿ ದಿನಾ ಮಟ್ಟ ಬರುತ್ತದೆ. ನೀರಿನಡಿ ಹೋದ ಹಳೇ ಕನ್ನಂಬಾಡಿಯ ಜನ ಯಾವ ದಾರಿ ಹಿಡಿದರು ಅಂತ ಎಷ್ಟು ಜನಕ್ಕೆ ಗೊತ್ತು?

ಇನ್ನೊಂದು ಎಚ್ಚರ. ‘ಚಾಗೋಸ್ ಜನ ಒಪ್ಪಂದ ವಿರೋಧಿಸಿದರು’ ಅಥವಾ ‘ಸ್ವಾಗತಿಸಿದರು’ ಎಂದು ಒಂದೇ ಮಾತಿನಲ್ಲಿ ಬರೆದರೆ ಎರಡೂ ತಪ್ಪು. ಮಾರಿಷಸ್‌ನಲ್ಲಿರುವ ಬಾಂಕೂ ಅವರ ಗುಂಪು ಒಪ್ಪಿದೆ. ಬ್ರಿಟನ್‌ನಲ್ಲಿರುವ ಬಹಳ ಜನ, ನಮ್ಮನ್ನು ಕೇಳದೆ ನಮ್ಮ ನೆಲ ಕೊಡಲು ನೀವು ಯಾರು ಎಂದು ಸಿಟ್ಟಾಗಿದ್ದಾರೆ. ಒಪ್ಪಂದದ ಪ್ರಕಾರ ಬೇರೆ ದ್ವೀಪಗಳಲ್ಲಿ ಜನರನ್ನು ಮಾರಿಷಸ್ ನೆಲೆಗೊಳಿಸಬಹುದು. ಡಿಯಾಗೋ ಗಾರ್ಸಿಯಾದಲ್ಲಿ ಆಗುವುದಿಲ್ಲ. ಚಾಗೋಸ್ ಜನರಿಗಾಗಿ ಒಪ್ಪಂದದಲ್ಲಿ 4 ಕೋಟಿ ಪೌಂಡ್‌ನ ನಿಧಿ ಗೊತ್ತುಮಾಡಿದ್ದಾರೆ.

ನೀವೇ ಡೆಸ್ಕಿನಲ್ಲಿದ್ದಿದ್ರೆ ಸಹಿ ಬಿದ್ದ ದಿನ ಯಾವ ಶೀರ್ಷಿಕೆ ಕೊಡ್ತಿದ್ರಿ ಸರ್?

ಆ ದಿನ ಏನಾಯಿತು ನೆನಪಿಸಿಕೊಳ್ಳಿ. 2025ರ ಮೇ 22. ಲಂಡನ್ನಿನಲ್ಲಿ ಇನ್ನೂ ನಸುಕು, ನಮ್ಮಲ್ಲಿ ಬೆಳಗಾಗಿತ್ತು. ಡಿಯಾಗೋ ಗಾರ್ಸಿಯಾದಲ್ಲೇ ಹುಟ್ಟಿದ ಇಬ್ಬರು ಹೆಂಗಸರು ಹೈಕೋರ್ಟಿನಿಂದ ತಡೆಯಾಜ್ಞೆ ತಂದರು. ಸಹಿ ನಿಂತಿತು. ಕೆಲವು ಗಂಟೆಗಳ ನಂತರ ಕೋರ್ಟು ತಡೆ ತೆಗೆಯಿತು. ಅದೇ ದಿನ ಬ್ರಿಟನ್ ಪ್ರಧಾನಿ ಸ್ಟಾರ್ಮರ್ ತಮ್ಮ ದೇಶದಲ್ಲಿ, ರಾಮ್‌ಗೂಲಾಮ್ ಮಾರಿಷಸ್‌ನಲ್ಲಿ ಕೂತು ವಿಡಿಯೊ ಮೂಲಕ ಒಪ್ಪಂದ ಮುಗಿಸಿದರು.

ನಾನಾಗಿದ್ದರೆ ಮೇಲಿನ ಸಾಲಿನಲ್ಲಿ ‘ಚಾಗೋಸ್ ಒಡೆತನ ಮಾರಿಷಸ್‌ಗೆ: ಒಪ್ಪಂದಕ್ಕೆ ಸಹಿ’ ಎಂದು ಬರೆಯುತ್ತಿದ್ದೆ. ಕೆಳಗೆ, ಅದಕ್ಕಿಂತ ಸ್ವಲ್ಪವೇ ಸಣ್ಣ ಅಕ್ಷರದಲ್ಲಿ, ‘ಡಿಯಾಗೋ ಗಾರ್ಸಿಯಾದಲ್ಲಿ ಹುಟ್ಟಿದವರಿಗೆ ಊರಿಗೆ ಹೋಗಲು ದಾರಿಯಿಲ್ಲ’. ಮೂರು ಕಾಲಂ ಜಾಗ ಬೇಕಾಗುತ್ತಿತ್ತು. ಪುಟ ಮಾಡುವವರ ಹತ್ತಿರ ನಿಂತು ಕೇಳುತ್ತಿದ್ದೆ.